ಸಲಾಲಾಕ್ಕೆ ಹೋದ ರೊಟ್ಟಿ ಡಬ್ಬಿ

ರೊಟ್ಟಿಯನ್ನು ಡಬ್ಬಿಯಿಂದ ಹೊರಗೆ ತೆಗೆದವರು ಯಾರು ಎಂದು ನಾನು ಆಣೆ ಹಾಕಿ ಹೇಳಲಾರೆ. ನಾನು ಅಲ್ಲೇ ಇದ್ದೆ. ಪೆಟ್ರೋಲ್ ಪಂಪಿನ ಪಕ್ಕದಲ್ಲಿ ನಮ್ಮ ಕಾರಿನ ಡಿಕ್ಕಿ ತೆರೆದಿತ್ತು, ಅಪ್ಪ ಮಂಡಿಯೂರಿ ಕೂತಿದ್ದರು, ಅಮ್ಮನ ಕೈಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಚೀಲ ಇತ್ತು, ಕೆಂಪು ಟೊಪ್ಪಿ ಹಾಕಿದ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ತೊಂದರೆ ಇರುವುದು ಆ ಕೆಂಪು ಟೊಪ್ಪಿಯಲ್ಲಿ. ನನ್ನ ನೆನಪಿನಲ್ಲಿ ನನಗೆ ನನ್ನದೇ ಟೊಪ್ಪಿ ಕಾಣುತ್ತದೆ. ತನ್ನ ತಲೆಯ ಮೇಲಿನ ಟೊಪ್ಪಿಯನ್ನು ತಾನೇ ನೋಡುವುದು ಹೇಗೆ? ಅಂದರೆ ಈ ಚಿತ್ರದ ಒಂದು ಭಾಗವನ್ನಾದರೂ ನಾನು ಆಮೇಲೆ ಕಟ್ಟಿಕೊಂಡಿದ್ದೇನೆ. ಒಂದು ಭಾಗ ಕಟ್ಟಿದವನು ಉಳಿದದ್ದನ್ನೂ ಕಟ್ಟಿರಬಹುದು.

ನಾನು ಓದಿದ್ದು ರಸಾಯನಶಾಸ್ತ್ರ. ಮಸ್ಕತ್ತಿನ ಒಂದು ಪ್ರಯೋಗಾಲಯದಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಮುಚ್ಚಳ ಸಡಿಲವಾಗಿರುವ ಬಾಟಲಿ ಬಂದರೆ ಅದರೊಳಗಿನ ನೀರನ್ನು ನಾವು ಮುಟ್ಟುವುದಿಲ್ಲ, ಹಾಗೆಯೇ ವಾಪಸ್ ಕಳಿಸುತ್ತೇವೆ. ನನ್ನ ನೆನಪು ಅಂಥ ಒಂದು ಬಾಟಲಿ, ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಂದ ಓಡುತ್ತಿರುವ ಇನ್ನೊಂದು ಕಥೆ ಇದೆಯಲ್ಲ, ಅದರ ಮುಚ್ಚಳವನ್ನು ಯಾರೂ ಒಮ್ಮೆಯೂ ಅಲುಗಾಡಿಸಿ ನೋಡಲಿಲ್ಲ. ನನಗೆ ಸಿಟ್ಟು ಅದಕ್ಕೆ.

ಆ ಕಥೆ ಹೀಗೆ. ಒಮ್ಮೆ ಮಳೆಗಾಲದಲ್ಲಿ ನಾವು ಸಲಾಲಾಕ್ಕೆ ಡೇರೆ ಕಟ್ಟಿಕೊಂಡು ಹೋಗಿದ್ದೆವು. ಅಮ್ಮ ದಾರಿಯಲ್ಲಿ ರೊಟ್ಟಿ ಡಬ್ಬಿ ತೆರೆದವಳು ಮುಚ್ಚಳ ಹಾಕಲು ಮರೆತಳು. ರೊಟ್ಟಿಯೆಲ್ಲ ಒದ್ದೆ ಬಟ್ಟೆಯಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟೇ ಕಥೆ. ಚೌತಿ ಊಟವಿರಲಿ, ದೀಪಾವಳಿಯಿರಲಿ, ಯಾರದೋ ಮಗುವಿನ ಹುಟ್ಟುಹಬ್ಬವಿರಲಿ, ಮಸ್ಕತ್ತಿನ ನಮ್ಮ ಕರಾವಳಿಯವರ ಕೂಟದಲ್ಲಿ ಪಲ್ಯದ ಪಾತ್ರೆ ಸುತ್ತು ಬರುವುದರೊಳಗೆ ಯಾರಾದರೊಬ್ಬರು, "ಅತ್ತಿಗೆ, ಇವತ್ತು ಸಲಾಲಾ ರೊಟ್ಟಿ ಇಲ್ವಾ?" ಎನ್ನುತ್ತಿದ್ದರು. ಅಮ್ಮ ನಗುತ್ತಿದ್ದಳು. ಅವಳು ನಗುವಾಗ ಕೈ ಏನಾದರೂ ಕೆಲಸ ಹುಡುಕುತ್ತಿತ್ತು. ತಟ್ಟೆಯ ಅಂಚು ಒರೆಸುತ್ತಿದ್ದಳು, ಅಥವಾ ಲೋಟಗಳನ್ನು ಸಾಲಾಗಿ ಇಡುತ್ತಿದ್ದಳು.

ಘಟ್ಟದ ಮೇಲಿನವರಿಗೆ ಒಂದು ಮಾತು ಹೇಳಬೇಕು. ಕೋರಿ ರೊಟ್ಟಿ ಎಂದರೆ ಅಕ್ಕಿಯದ್ದು, ಕಾಗದದಷ್ಟು ತೆಳ್ಳಗೆ, ಹಪ್ಪಳಕ್ಕಿಂತ ಗರಿ. ತಟ್ಟೆಯಲ್ಲಿ ಪುಡಿ ಮುರಿದು ಹಾಕಿ ಮೇಲಿಂದ ಕೋಳಿ ಸಾರು ಸುರಿದು, ಮೆತ್ತಗಾಗುವ ಮುಂಚೆ ತಿನ್ನಬೇಕು. "ಹೇಗೂ ಸಾರಿನಲ್ಲಿ ಮುಳುಗಿಸ್ತೀರಲ್ಲ, ಮೊದಲೇ ಮೆತ್ತಗಾದ್ರೆ ಏನು?" ಎಂದು ಮೈಸೂರಿನವಳಾದ ನನ್ನ ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಗಾಳಿಯ ತೇವಕ್ಕೆ ಮೆತ್ತಗಾದ ರೊಟ್ಟಿ ಮುರಿಯುವುದೇ ಇಲ್ಲ, ಚರ್ಮದ ಹಾಗೆ ಎಳೆದು ಹರಿಯಬೇಕು. ಸಾರು ಹಾಕಿದರೆ ಅಂಟಾಗಿ ಅಂಗುಳಕ್ಕೆ ಹತ್ತುತ್ತದೆ. ಅದಕ್ಕೇ ಊರಲ್ಲಿ ಜೂನ್ ಬಂತೆಂದರೆ ರೊಟ್ಟಿ ಡಬ್ಬಿಯೊಳಗೆ ಹೋಗುತ್ತದೆ.

ಒಮಾನಿನಲ್ಲಿ ಆ ಭಯವಿಲ್ಲ. ಇಲ್ಲಿ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕಾರಿನ ಹಿಂದಿನ ಗಾಜಿನ ಕೆಳಗೆ ಎಸೆದರೂ ಅದು ಒಣಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಇಬ್ರಾದ ಆಚೆ ಒಂದು ವಾದಿಯಲ್ಲಿ, ಎಂದರೆ ಒಣ ಹೊಳೆಯ ಕಣಿವೆಯಲ್ಲಿ, ಬಂಡೆಗಳ ನಡುವೆ ನೀರು ನಿಂತ ಜಾಗದಲ್ಲಿ, ನಾವು ವರ್ಷಕ್ಕೆ ಒಂದೆರಡು ಸಲವಾದರೂ ಡೇರೆ ಹೊಡೆಯುತ್ತಿದ್ದೆವು. ರೊಟ್ಟಿ ಬಂಡೆಯ ಮೇಲೆ ತೆರೆದೇ ಬಿದ್ದಿರುತ್ತಿತ್ತು. ಅಮ್ಮ ಚೂಡಿದಾರದ ಕಾಲು ಮಡಚಿ ನೀರಿನಲ್ಲಿ ಪಾದ ಇಳಿಬಿಟ್ಟು ಕೂತು ರೊಟ್ಟಿ ಮುರಿಯುತ್ತಿದ್ದಳು. ಸಣ್ಣ ಮೀನುಗಳು ಬಂದು ಅವಳ ಹಿಮ್ಮಡಿ ಕಚ್ಚಿದರೆ ಕಿರುಚಿ, ಕಾಲು ಎತ್ತಿ, ಮತ್ತೆ ಇಳಿಬಿಡುತ್ತಿದ್ದಳು. ಮಸ್ಕತ್ತಿನ ಸೀಬ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಅವಳು ಕಿರುಚಿದ್ದನ್ನು ನಾನು ಕೇಳಿಲ್ಲ. ಕಾರು ಓಡಿಸಲು ಬಾರದ, ಬಸ್ಸಿಲ್ಲದ ಊರಿನಲ್ಲಿ ಮನೆಯೊಳಗೇ ವಾರ ಕಳೆಯುವ ಹೆಂಗಸಿಗೆ ಆ ವಾದಿ ಏನಾಗಿತ್ತು ಎಂದು ಈಗ ಅಂದಾಜು ಮಾಡಬಲ್ಲೆ. ಈ ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ. ಇದರಲ್ಲಿ ನಾನು ಕಾಣುವುದಿಲ್ಲ.

ಡೇರೆ ನಮ್ಮದಲ್ಲ. ಅಪ್ಪನ ಆಫೀಸಿನ ಇಂಗ್ಲಿಷ್ ಮ್ಯಾನೇಜರ್ ಕೆಲಸ ಮುಗಿಸಿ ಊರಿಗೆ ಹೊರಟಾಗ ಬಿಟ್ಟು ಹೋದದ್ದು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಪ್ರತಿ ಬೇಸಿಗೆ ಫ್ರಾನ್ಸು, ಇಟಲಿ ಎಂದು ಕಾರಿನಲ್ಲಿ ತಿರುಗುತ್ತಿದ್ದನಂತೆ. ಡೇರೆಯ ಬಾಗಿಲ ಬಟ್ಟೆಯ ಮೇಲೆ ಅಂಗೈಯಷ್ಟು ಕಿತ್ತಳೆ ಬಣ್ಣದ ಕಲೆ ಇತ್ತು. "ಇಟಲಿಯ ಟೊಮೆಟೊ ಸಾಸಿಂದು" ಎಂದು ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು, ಮೆಡಲು ತೋರಿಸುವ ಹಾಗೆ. ಮ್ಯಾನೇಜರ್ ಹೇಳಿದ್ದನ್ನು ಅಪ್ಪ ನಮಗೆ ಹೇಳುತ್ತಿದ್ದರು: ಅಲ್ಲಿ ಬೆಳಿಗ್ಗೆ ಎದ್ದು ಹಳ್ಳಿಯ ಅಂಗಡಿಯಿಂದ ಮಾರುದ್ದದ ಬ್ರೆಡ್ ತರುತ್ತಾರೆ, ಕೈಯಲ್ಲಿ ಮುರಿಯುತ್ತಾರೆ, ಚೀಸು, ಟೊಮೆಟೊ, ಪೀಚ್ ಹಣ್ಣು, ಮುಗಿಯಿತು. ಅಡುಗೆಯ ರಗಳೆಯೇ ಇಲ್ಲ.

"ಆ ಬ್ರೆಡ್ ಯಾರು ಮಾಡ್ತಾರೆ?" ಅಂತ ಅಮ್ಮ ಕೇಳಿದ್ದಳು.

"ಅಂಗಡಿಯವ."

"ಹಾಗಾದ್ರೆ ನಮ್ಗೂ ಅಂಗಡಿಯವನೇ ಮಾಡಿ ಕೊಡ್ಲಿ."

"ನಮ್ಮ ಬ್ರೆಡ್ ಕೋರಿ ರೊಟ್ಟಿ ಮಾರಾಯ್ತಿ. ಮುರಿ, ತಿನ್ನು. ಫ್ರಾನ್ಸಿನವರಿಗಿಂತ ಒಂದು ಕೈ ಮೇಲೆ."

ರಗಳೆ ಇಲ್ಲದ ಈ ಊಟಕ್ಕೆ ಅಮ್ಮ ಹೊರಡುವ ಮುಂಚಿನ ಇಡೀ ದಿನ ಮೆಣಸು ಹುರಿದು, ತೆಂಗಿನಕಾಯಿ ತುರಿದು, ಮಸಾಲೆ ಅರೆದು, ಐಸಿನಲ್ಲಿ ಗಟ್ಟಿ ಮಾಡಿ ಡಬ್ಬ ತುಂಬಿಸುತ್ತಿದ್ದಳು. ಅಪ್ಪನ ಪಾಲಿನ ಕೆಲಸ ಬೆಂಕಿ. ಇದ್ದಿಲು ಹೊತ್ತಿಸಿ, ರಟ್ಟಿನಿಂದ ಗಾಳಿ ಹಾಕಿ, ಕೋಳಿಯ ತುಂಡುಗಳನ್ನು ಕಂಬಿಗೆ ಚುಚ್ಚಿ ಸುಡುವುದು. ಎಲ್ಲರೂ ಬೆಂಕಿಯ ಸುತ್ತ ನಿಂತು ಅಪ್ಪನನ್ನು ಹೊಗಳುತ್ತಿದ್ದರು. ಬೆಂಕಿ ತಡವಾದರೆ ಅಪ್ಪನ ಮುಖ ಬದಲಾಗುತ್ತಿತ್ತು. ಮೊದಲು ಮೌನ, ಆಮೇಲೆ ಹತ್ತಿರವಿದ್ದವರ ಮೇಲೆ ಕೂಗು. ಹತ್ತಿರ ಇರುತ್ತಿದ್ದವಳು ಅಮ್ಮ.

ಆ ವರ್ಷ ಸಲಾಲಾಕ್ಕೆ ಹೋಗೋಣ ಎಂದವರು ಅಪ್ಪನ ಸ್ನೇಹಿತ. ನಾನು ಅಂಕಲ್ ಎನ್ನುತ್ತಿದ್ದೆ, ಈಗಲೂ ಅಂಕಲ್ಲೇ. ಅವರದ್ದೊಂದು ಕಾರು, ನಮ್ಮದೊಂದು. ಒಮಾನಿನ ಉಳಿದ ಭಾಗ ಬಾಣಲೆಯ ಹಾಗೆ ಕಾಯುವ ತಿಂಗಳುಗಳಲ್ಲಿ ಸಲಾಲಾದ ಗುಡ್ಡಗಳ ಮೇಲೆ ಜಿಟಿಜಿಟಿ ಮಳೆ, ಮಂಜು, ಹಸಿರು. ಅದನ್ನು ನೋಡಲು ಮರುಭೂಮಿಯಲ್ಲಿ ದಿನವಿಡೀ ಕಾರು ಓಡಿಸಿಕೊಂಡು ಹೋಗುತ್ತಾರೆ. ಇಷ್ಟು ವರ್ಷ ಒಣ ನೆಲದಲ್ಲಿದ್ದ ನಮ್ಮವರೆಲ್ಲರೂ ಮಳೆ ರೊಟ್ಟಿಯನ್ನು ಏನು ಮಾಡುತ್ತದೆ ಎಂಬುದನ್ನು ಮರೆತಿದ್ದರು. ಅಂಕಲ್ ಮನೆಯವರು ತಮ್ಮ ರೊಟ್ಟಿಯನ್ನು ಎಂದಿನಂತೆ ಪೇಪರಿನಲ್ಲೇ ಕಟ್ಟಿ ತಂದಿದ್ದರು. ಮರೆಯದವಳು ಅಮ್ಮ ಒಬ್ಬಳೇ. ಊರಿಂದ ತಂದಿದ್ದ, ಬೇಕರಿಯವರು ಖಾರ ತುಂಬಿಸಿಡುವಂಥ ದೊಡ್ಡ ಚೌಕದ ತಗಡಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಒರೆಸಿ, ಬಿಸಿಲಿಗಿಟ್ಟು, ರೊಟ್ಟಿ ತುಂಬಿಸಿ ಮುಚ್ಚಳ ಒತ್ತಿದಳು. ಆ ಮುಚ್ಚಳ ಎಷ್ಟು ಬಿಗಿ ಎಂದರೆ ಸಟ್ಟುಗದ ಹಿಡಿಯಿಂದ ನಾಲ್ಕೂ ಮೂಲೆ ಮೀಟಬೇಕು. ಅದು ಸಡಿಲಾಗಿ ಉಳಿಯುವ ಮುಚ್ಚಳವಲ್ಲ. ಹಾಕಿದರೆ ಹಾಕಿದ್ದು, ಇಲ್ಲವಾದರೆ ಇಲ್ಲ; ಅಷ್ಟು ಮೀಟಿ ತೆರೆದವಳು ಹಾಕಲು ಮರೆಯುವುದು ಸುಲಭವಲ್ಲ. ಮೂವತ್ತು ವರ್ಷ ನಕ್ಕವರಲ್ಲಿ ಯಾರೂ ಇದನ್ನು ಯೋಚಿಸಲಿಲ್ಲ.

ಥುಮ್ರೈತ್ ಎಂಬ ಊರು ದಾಟಿದ ಮೇಲೆ ರಸ್ತೆ ಗುಡ್ಡ ಹತ್ತುತ್ತದೆ, ಇದ್ದಕ್ಕಿದ್ದ ಹಾಗೆ ಮಂಜು ಬರುತ್ತದೆ. ಅದಕ್ಕೆ ಮುಂಚಿನ ಪೆಟ್ರೋಲ್ ಪಂಪಿನಲ್ಲಿ ಎರಡೂ ಕಾರು ನಿಂತವು. ಅಲ್ಲಿಯೇ ನನ್ನ ಕೆಂಪು ಟೊಪ್ಪಿಯ ಚಿತ್ರ. ಅಪ್ಪ ಮಂಡಿಯೂರಿ, ಇದ್ದಿಲಿನ ಚೀಲ ಬಗ್ಗಿಸಿ, ತಗಡಿನ ಡಬ್ಬಿಯೊಳಗೆ ಇದ್ದಿಲು ಸುರಿಯುತ್ತಿದ್ದಾರೆ. ಖಣ ಖಣ ಸದ್ದು. ಅಮ್ಮ ಬಿಳಿ ಚೀಲವನ್ನು ಎರಡೂ ಕೈಯಲ್ಲಿ, ಮಗು ಹಿಡಿದ ಹಾಗೆ ಹಿಡಿದಿದ್ದಾಳೆ.

ಹೀಗೆ ಆಯಿತೋ, ಆಗಿರಬೇಕು ಎಂದು ನಾನು ಆಮೇಲೆ ತರ್ಕ ಮಾಡಿ ಚಿತ್ರ ಬಿಡಿಸಿಕೊಂಡೆನೋ, ಗೊತ್ತಿಲ್ಲ.

ಗೊತ್ತಿರುವುದು ಗುಡ್ಡದ ಮೇಲಿನ ಊಟ. ಡೇರೆಯ ಮೇಲೆ ಮಳೆಯಲ್ಲ, ಮಂಜೇ ಇಳಿಯುತ್ತಿತ್ತು. ಪಕ್ಕದಲ್ಲಿ ಒಂಟೆಗಳು ಮಂಜಿನಲ್ಲಿ ತಲೆ ಮಾತ್ರ ಕಾಣಿಸುತ್ತ ನಡೆದುಹೋದವು. ಅಪ್ಪನ ಬೆಂಕಿ ಒಂದೇ ಕಡ್ಡಿಗೆ ಹೊತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಅಮ್ಮ ಚೀಲ ಬಿಚ್ಚಿ ರೊಟ್ಟಿ ತೆಗೆದಳು. ಅಂಕಲ್ ಒಂದನ್ನು ತೆಗೆದು ಮುರಿಯಲು ನೋಡಿ, ಅದು ಮಡಚಿಕೊಂಡದ್ದನ್ನು ಕಂಡು, ಹೆಗಲ ಮೇಲೆ ಶಾಲಿನ ಹಾಗೆ ಹೊದ್ದುಕೊಂಡರು.

"ಅತ್ತಿಗೆ, ಚಳಿಗೆ ಒಳ್ಳೆಯದಾಯ್ತು! ಇನ್ನೊಂದು ಕೊಡಿ, ನಮ್ಮವಳಿಗೂ ಹೊದೆಸ್ತೇನೆ."

ನಗು. ಅಂಕಲ್ ತಂದ ಪೇಪರಿನ ರೊಟ್ಟಿಯೂ ಅಷ್ಟೇ ಮೆತ್ತಗಾಗಿತ್ತು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ನಗು ಒಂದು ದಿಕ್ಕಿಗೆ ಹೊರಟರೆ ಹಾಗೆಯೇ.

ಆಗ ಅಪ್ಪ ಹೇಳಿದರು: "ಇವಳಿಗೆ ಒಂದು ಡಬ್ಬಿಯ ಮುಚ್ಚಳ ಹಾಕ್ಲಿಕ್ಕೆ ಗೊತ್ತಿಲ್ಲ ಮಾರಾಯ್ರೆ."

ಈ ಮಾತು ನಾನು ಕಟ್ಟಿದ್ದಲ್ಲ. ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅಪ್ಪನೇ ಮುಂದೆ ನೂರು ಸಲ ಇದನ್ನೇ ಹೇಳಿದರು. ಅಮ್ಮ ಏನೂ ಹೇಳಲಿಲ್ಲ. ಆ ಮೌನವೇ ಸಾಕ್ಷಿಯೆಂದು ಎಲ್ಲರೂ ತಿಳಿದರು. ಮಸ್ಕತ್ತಿಗೆ ವಾಪಸಾದ ಮೇಲೆ ಅವಳು ಯಾವ ಕ್ಯಾಂಪಿಂಗಿಗೂ ಬರಲಿಲ್ಲ. ಈದ್ ರಜೆ ಬಂದಾಗಲೆಲ್ಲ ಅವಳಿಗೆ ಬೆನ್ನು ನೋವು ಬರುತ್ತಿತ್ತು. ಮಸಾಲೆ ಅರೆದು, ಐಸ್‌ಬಾಕ್ಸ್ ತುಂಬಿಸಿ, ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಇಬ್ರಾದ ವಾದಿಯಲ್ಲಿ ಅಪ್ಪ, ಅಂಕಲ್, ನಾನು ಅವಳ ಸಾರು ತಿನ್ನುತ್ತಿದ್ದೆವು. ಮೀನುಗಳಿಗೆ ಕಚ್ಚಲು ಯಾರೂ ಕಾಲು ಇಳಿಬಿಡುತ್ತಿರಲಿಲ್ಲ. ತಗಡಿನ ಡಬ್ಬಿ ಅಡುಗೆಮನೆಯ ಮೂಲೆ ಸೇರಿತು. ಅದನ್ನು ಅವಳು ಮತ್ತೆ ಯಾರ ಕಾರಿಗೂ ಹತ್ತಿಸಲಿಲ್ಲ.

ಇದೆಲ್ಲ ನನ್ನೊಳಗೆ ಎಲ್ಲೋ ಮಲಗಿತ್ತು. ಎಬ್ಬಿಸಿದವಳು ನನ್ನ ಮಗಳು, ಅದೂ ಇಟಲಿಯಲ್ಲಿ.

ಅಪ್ಪನ ಬಾಯಲ್ಲಿ ಕೇಳಿ ಕೇಳಿ ನನಗೂ ಆ ಮ್ಯಾನೇಜರನ ರಜೆ ಒಮ್ಮೆ ಮಾಡಿ ನೋಡಬೇಕು ಅನ್ನಿಸಿತ್ತು. ಎರಡು ಬೇಸಿಗೆಯ ಹಿಂದೆ ಹೆಂಡತಿ, ಮಗಳ ಜೊತೆ ಫ್ರಾನ್ಸಿನ ದಕ್ಷಿಣದಿಂದ ಇಟಲಿಯ ಒಂದು ಸರೋವರದ ತನಕ ಬಾಡಿಗೆ ಕಾರಿನಲ್ಲಿ, ಡೇರೆಯಲ್ಲಿ ಹೋದೆವು. ಮ್ಯಾನೇಜರ್ ಸುಳ್ಳು ಹೇಳಿರಲಿಲ್ಲ. ಬೆಳಿಗ್ಗೆ ಅಂಗಡಿಯ ಮುಂದೆ ಬ್ರೆಡ್ಡಿಗೆ ಸಾಲು. ಆದರೆ ಅವನು ಹೇಳದ, ಅಥವಾ ಅಪ್ಪ ಕೇಳಿಸಿಕೊಳ್ಳದ ಒಂದು ವಿಷಯವಿತ್ತು. ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಿಲ್ಲುತ್ತಿದ್ದವರಲ್ಲಿ ಹೆಚ್ಚಿನವರು ಗಂಡಸರು. ಪಕ್ಕದ ಡೇರೆಯ ಡಚ್ ಗಂಡ ಸಣ್ಣ ಒಲೆಯ ಮೇಲೆ ಪಾಸ್ತಾ ಬೇಯಿಸಿ, ಟೊಮೆಟೊ ಜಜ್ಜಿ ಹಾಕಿ, ನಮಗೂ ಒಂದು ಬೋಗುಣಿ ತಂದುಕೊಟ್ಟ. ಅವನ ಹೆಂಡತಿ ಕುರ್ಚಿಯಲ್ಲಿ ಕಾಲು ಚಾಚಿ ಓದುತ್ತಿದ್ದಳು.

ನಾವು ಒಟ್ಟಿಗೆ ಕೂತು ತಿನ್ನುವಾಗ ಹಿಂದಿನ ರಾತ್ರಿಯ ಬ್ರೆಡ್ ಸರೋವರದ ಗಾಳಿಗೆ ಮೆತ್ತಗಾಗಿತ್ತು. ಅದನ್ನು ಹಿಸುಕಿ ನೋಡಿದ ನನ್ನ ಮಗಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನನ್ನ ಅಜ್ಜಿ ಒಮ್ಮೆ ಡಬ್ಬಿಯ ಮುಚ್ಚಳ ಹಾಕಲು ಮರೆತಿದ್ದಳು, ಗೊತ್ತಾ? ಆಮೇಲೆ ಶಾಲಿನ ಹಾಗೆ ಬ್ರೆಡ್ಡಿನ ತುಂಡನ್ನು ಹೆಗಲ ಮೇಲೆ ಇಟ್ಟುಕೊಂಡು ತೋರಿಸಿದಳು. ಡಚ್ಚರು ನಕ್ಕರು. ಸಲಾಲಾವನ್ನು ನೋಡದ, ಆ ಡಬ್ಬಿಯನ್ನು ತೆರೆಯದ, ಆಗ ಹುಟ್ಟೇ ಇರದ ಮಗು. ಅಂಕಲ್ ಹೆಗಲು ಕುಣಿಸಿದ ರೀತಿಯೂ ಅವಳಿಗೆ ಬಂದುಬಿಟ್ಟಿತ್ತು. ನಾನು ಗದರಿಸಿದೆ. ಅವಳು ಕಣ್ಣು ತುಂಬಿಕೊಂಡು ಡೇರೆಯೊಳಗೆ ಹೋದಳು.

"ರೀ, ಮಗು ತಮಾಷೆಗೆ ಹೇಳಿದ್ದಲ್ವಾ? ನಿಮ್ಮಮ್ಮನೂ ನಗ್ತಾರೆ" ಎಂದಳು ಹೆಂಡತಿ.

"ಅಮ್ಮ ನಗೋವಾಗ ಕೈ ನೋಡಿದ್ದೀಯಾ?"

ಅವಳು ನೋಡಿರಲಿಲ್ಲ. ನನಗೂ ನಾನು ನೋಡಿದ್ದೇನೆ ಎಂದು ಆ ಕ್ಷಣದವರೆಗೆ ಗೊತ್ತಿರಲಿಲ್ಲ.

ಅದರ ಮುಂದಿನ ವರ್ಷ ಅಪ್ಪನಿಗೆ ನಿವೃತ್ತಿ. ವೀಸಾ ಮುಗಿದರೆ ಒಮಾನ್ ಖಲಾಸ್, ಅಪ್ಪ ಅಮ್ಮ ಮಂಗಳೂರಿಗೆ. ಹೋಗುವ ಮುಂಚೆ ಎಲ್ಲರೂ ಇನ್ನೊಮ್ಮೆ ಸಲಾಲಾಕ್ಕೆ ಹೋಗಬೇಕು ಎಂದು ಅಪ್ಪ ಹಟ ಹಿಡಿದರು. ನನಗೆ ಬೇಕಾಗಿದ್ದು ಒಂದೇ, ಅಮ್ಮ ಬರಬೇಕು. ಅವಳ ಬೆನ್ನು ಅಪ್ಪ ಹೇಳಿದ ದಿನವೇ ನೋಯಲು ಶುರುವಾಯಿತು.

ಬೀಳ್ಕೊಡುಗೆ ಊಟ ಸೀಬಿನ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ. ಅಂಕಲ್ ಮೈಕ್ ಹಿಡಿದರು. ಅಪ್ಪನ ಕಷ್ಟ, ಅಪ್ಪನ ಪ್ರಾಮಾಣಿಕತೆ, ಅಪ್ಪನ ಬೆಂಕಿ. ಆಮೇಲೆ, "ಇನ್ನು ಅತ್ತಿಗೆಯ ಬಗ್ಗೆ ಹೇಳದಿದ್ರೆ ಪಾಪ ಬರ್ತದೆ" ಎಂದರು. ಹಾಲಿನಲ್ಲಿ ಆಗಲೇ ನಗು ಎದ್ದಿತು. ಇಡೀ ಬದುಕನ್ನು ಒಮಾನಿನಲ್ಲಿ ಕಳೆದ ಹೆಂಗಸಿನ ಬಗ್ಗೆ ಹೇಳಲು ಅವರ ಬಳಿ ಇದ್ದದ್ದು ಒಂದು ಮುಚ್ಚಳ. ಅವರು ಕಥೆ ಶುರು ಮಾಡುವ ಮುಂಚೆ ನಾನು ಎದ್ದು ನಿಂತೆ.

"ಅಂಕಲ್, ಆ ಡಬ್ಬಿಯಲ್ಲಿ ರೊಟ್ಟಿ ಇರ್ಲಿಲ್ಲ. ಅಪ್ಪನ ಇದ್ದಿಲು ಇತ್ತು."

ಕೆಲವರು ಅಪ್ಪನ ಕಡೆ ತಿರುಗಿದರು. ಆಮೇಲೆ ಅಂಕಲ್, "ಓಹೋ, ಲ್ಯಾಬ್ ರಿಪೋರ್ಟ್ ಬಂತು!" ಎಂದರು, ಜನ ನಕ್ಕರು, ಐಸ್‌ಕ್ರೀಂ ಬಂತು. ಅಪ್ಪ ನನ್ನ ಕಡೆ ನೋಡಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ಅವರು ತಿರುಗಿದರು. ನಾವು ಮನೆಯಲ್ಲಿ ಮಾತಾಡುವುದು ತುಳು. ಕನ್ನಡದಲ್ಲಿ ಬರೆಯುವಾಗ ಆ ಏಟು ಅರ್ಧಕ್ಕರ್ಧ ಕಡಿಮೆಯಾಗಿದೆ.

"ನಿನಗೆ ಆಗ ಒಂಬತ್ತು ವರ್ಷ. ನಿನಗೆ ಎಂತ ನೆನಪುಂಟು?"

"ನಿಮಗೆ ನೆನಪುಂಟಲ್ಲ. ಹೇಳಿ. ಇದ್ದಿಲು ಎಲ್ಲಿತ್ತು?"

"ಎಲ್ಲೋ ಇತ್ತು. ಅದೆಲ್ಲ ಯಾರು ನೆನಪಿಟ್ಟುಕೊಳ್ತಾರೆ?"

"ಮುಚ್ಚಳ ಮಾತ್ರ ನೆನಪಿಟ್ಟುಕೊಂಡಿದ್ದೀರಿ."

"ಎಲ್ಲರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ ನೀನು, ಕಲಿತವ!"

"ಮೂವತ್ತು ವರ್ಷ ಎಲ್ಲರ ಎದುರು ಅಮ್ಮನ ಮರ್ಯಾದೆ ಹೋದದ್ದಕ್ಕೆ ಲೆಕ್ಕ ಇಲ್ವಾ?"

ನಾನು ಅಮ್ಮನ ಕಡೆ ತಿರುಗಿದೆ. ಅವಳು ನನ್ನ ಪರ ಮಾತಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೋಫಾದ ಕವರು ಎಳೆದು ಸರಿಮಾಡುತ್ತಿದ್ದಳು. ಅವಳ ಸಿಟ್ಟು ನನ್ನ ಮೇಲೆ.

"ನಿನ್ನ ಹತ್ರ ಯಾರಾದ್ರೂ ಕೇಳಿದ್ರಾ? ಇಷ್ಟು ಜನರ ಎದುರು ಎದ್ದು ನಿಂತು ಹೇಳ್ಲಿಕ್ಕೆ?"

"ಸುಳ್ಳಾ ಅಮ್ಮ, ನಾನು ಹೇಳಿದ್ದು?"

"ಸುಳ್ಳಲ್ಲ." ಅವಳು ಅಪ್ಪನ ಕಡೆ ನೋಡದೆ ಹೇಳಿದಳು. "ಇದ್ದಿಲು ಹಾಕಿದ್ದು ಹೌದು. ಡಬ್ಬಿ ಕೊಟ್ಟದ್ದು ನಾನೇ."

ಅಪ್ಪ ಗೆದ್ದವರ ಹಾಗೆ ಕೈ ಎತ್ತಿದರು. "ಕೇಳಿದೆಯಾ? ಅವಳೇ ಕೊಟ್ಟದ್ದು!"

"ನೀವು ಸುಮ್ಮನಿರಿ." ಅಮ್ಮ ಅಪ್ಪನಿಗೆ ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಈ ವಿಷಯದಲ್ಲಿ ನನ್ನ ನೆನಪನ್ನು ನಂಬುತ್ತೇನೆ. "ದೂರದಿಂದ ಮಂಜು ಕಂಡದ್ದೇ ಇವರು, ಇದ್ದಿಲು ಒದ್ದೆಯಾಗ್ತದೆ, ಬೆಂಕಿ ಹಿಡಿಯೋದಿಲ್ಲ ಅಂತ ಶುರು ಮಾಡಿದ್ರು. ನನಗೆ ಗೊತ್ತಿಲ್ವಾ? ಬೆಂಕಿ ಹಿಡಿಯದಿದ್ರೆ ಅವರೆಲ್ಲರ ಎದುರು ನನ್ನ ಮೇಲೆ ಹಾರ್ತಿದ್ರು. ರೊಟ್ಟಿ ಮೆತ್ತಗಾದ್ರೆ ಒಂದು ಸಲ ನಗ್ತಾರೆ, ಅಷ್ಟೇ ಅಂದ್ಕೊಂಡೆ. ಅದಕ್ಕೇ ಕೊಟ್ಟೆ." ಕವರನ್ನು ಬಿಟ್ಟಳು. "ಇಷ್ಟು ವರ್ಷ ನಗ್ತಾರೆ ಅಂತ ಗೊತ್ತಿರ್ಲಿಲ್ಲ."

ಅಪ್ಪನ ಎತ್ತಿದ ಕೈ ಕೆಳಗೆ ಬಂತು. ಅವರು ಕ್ಷಮೆ ಕೇಳಿದರು ಎಂದು ಬರೆಯಲು ನನಗೂ ಆಸೆ. ಕೇಳಲಿಲ್ಲ. "ಆಗಿನದ್ದು ಈಗ ಯಾಕೆ?" ಎಂದು ಗೊಣಗಿ ಟಿವಿ ಹಾಕಿದರು. ಮೂವತ್ತು ವರ್ಷ ಆಗಿನದ್ದನ್ನೇ ಬಡಿಸಿದವರಿಗೆ ಈಗ ಅದು ಹಳೆಯದಾಯಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಅಮ್ಮ ಅಡುಗೆಮನೆಯಿಂದ ಕೂಗಿದಳು:

"ಸಲಾಲಾಕ್ಕೆ ನಾನು ಬರ್ತೇನೆ. ಡಬ್ಬಿಯಲ್ಲಿ ರೊಟ್ಟಿ. ಇದ್ದಿಲು ಬೇಕಾದವರು ಮಡಿಲಲ್ಲಿ ಇಟ್ಟುಕೊಂಡು ಬರ್ಲಿ."

ಹೋದೆವು. ಅಂಕಲ್ ಬರಲಿಲ್ಲ, ಅವರಿಗೆ ಈ ಸಲ ಬೆನ್ನು ನೋವು. ಕಾರು ಓಡಿಸಿದ್ದು ನಾನು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಮಗಳು, ಅಮ್ಮ. ಅಮ್ಮನ ಕಾಲ ಬಳಿ ತಗಡಿನ ಡಬ್ಬಿ. ಮಗಳು ಅದರ ಮೇಲೆ ತಾಳ ಹಾಕುತ್ತಿದ್ದಳು. ಅವಳಿಗೆ ನಾನು ಹೊಸ ಕಥೆಯನ್ನು ಹೇಳಿದ್ದೆ. ಅವಳು ಗಂಭೀರವಾಗಿ ಕೇಳಿ, ಅಜ್ಜನ ಮಡಿಲಲ್ಲಿದ್ದ ಇದ್ದಿಲಿನ ಕಾಗದದ ಚೀಲ ನೋಡಿ, "ಅಜ್ಜ ಈಸ್ ಗ್ರೌಂಡೆಡ್" ಎಂದಳು. ಅಜ್ಜನಿಗೆ ಶಿಕ್ಷೆ ಎಂಬ ಅರ್ಥ ಕೇಳಿ ತಿಳಿದುಕೊಂಡು ಅಮ್ಮ ನಕ್ಕಳು. ಕೈ ನೋಡಿದೆ. ಸುಮ್ಮನೆ ಮಡಿಲಲ್ಲಿತ್ತು.

ಮಂಜು ಹಾಗೆಯೇ ಇತ್ತು, ಒಂಟೆಗಳೂ. ಗುಡ್ಡದ ತುಂಬ ಕಾರುಗಳು, ಡೇರೆಗಳು, ಜನಜಾತ್ರೆ. ಮ್ಯಾನೇಜರನ ಡೇರೆ ಎಂದೋ ಹರಿದು ಹೋಗಿತ್ತು. ಇದು ಹೊಸತು, ಕಲೆಯಿಲ್ಲದ್ದು. ಸಾರನ್ನು ನಾನು ಗ್ಯಾಸ್ ಒಲೆಯಲ್ಲಿ ಬಿಸಿ ಮಾಡಿದೆ. ಅಪ್ಪ ಬೆಂಕಿಯ ಕಡೆ ಹೋಗಲಿಲ್ಲ. ಅಮ್ಮ ಸಟ್ಟುಗದ ಹಿಡಿಯಿಂದ ನಾಲ್ಕೂ ಮೂಲೆ ಮೀಟಿದಳು. ಮೊದಲ ರೊಟ್ಟಿಯನ್ನು ಅಪ್ಪನ ತಟ್ಟೆಗೆ ಹಾಕಿ, ಅವರ ಎದುರಿಗೇ ಮುರಿದಳು. ಸದ್ದು ಡೇರೆಯ ಹೊರಗೂ ಕೇಳಿರಬೇಕು. ಅಪ್ಪ ತಟ್ಟೆ ನೋಡಿಕೊಂಡು ತಿಂದರು. "ಉಪ್ಪು ಸರಿ ಉಂಟು" ಎಂದರು.

ಅಮ್ಮ ಬಂದಳು, ರೊಟ್ಟಿ ಮುರಿಯಿತು. ನನ್ನ ಸಿಟ್ಟು ಇಲ್ಲಿಗೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ವಿಷಯ ಉಳಿದಿತ್ತು. ಅದನ್ನು ಯಾರೂ ಕೇಳಿರಲಿಲ್ಲ, ಅಮ್ಮನೂ.

ಮಲಗುವ ಮುಂಚೆ ಒಂದು ಹಿಡಿ ಇದ್ದಿಲನ್ನು ಡೇರೆಯ ಹೊರಗೆ, ಕಲ್ಲಿನ ಮೇಲೆ, ಮಂಜಿಗೆ ತೆರೆದೇ ಇಟ್ಟೆ. ಬೆಳಿಗ್ಗೆ ಅದು ಕೈಗೆ ತಣ್ಣಗೆ, ತೇವವಾಗಿ ಹತ್ತಿತು. ಎಲ್ಲರೂ ಏಳುವುದರೊಳಗೆ ಅದನ್ನು ಒಲೆಯ ಉರಿಗೆ ಹಿಡಿದು, ರಟ್ಟಿನಿಂದ ಗಾಳಿ ಹಾಕಿದೆ. ಚಟಪಟ ಸಿಡಿಯಿತು, ಸ್ವಲ್ಪ ಹೊಗೆ ಹೆಚ್ಚು ಬಂತು, ಸ್ವಲ್ಪ ತಡವಾಯಿತು. ಆಮೇಲೆ ಹೊತ್ತಿಕೊಂಡಿತು. ಸಲಾಲಾದ ಮಂಜಿನಲ್ಲಿ ಇದ್ದಿಲಿಗೆ ಡಬ್ಬಿ ಬೇಕಾಗಿಲ್ಲ.